ಕಲ್ಲುಬಸವನ ಹೊಟ್ಟೆ

ಗುರುಗಳ ಗುಡಿಸಲು ಹೊಳೆ ದಾಟುವ ಕಡವಿನ ಪಕ್ಕದಲ್ಲೇ ಇತ್ತು. ಹರಿಗೋಲು ಹತ್ತುವವರ ಕೂಗಾಟ, ಕತ್ತೆ, ಮೂಟೆ. ವ್ಯಾಪಾರಕ್ಕೆ ಒಳ್ಳೆಯ ಜಾಗ, ಧ್ಯಾನಕ್ಕೆ ಅಷ್ಟಕ್ಕಷ್ಟೆ.

ಹತ್ತು ದಿನದಿಂದ ಆ ಕೂಗಾಟ ಇರಲಿಲ್ಲ. ಅರಸ ಕಡವು ಮುಚ್ಚಿಸಿದ್ದ. ಹರಿಗೋಲುಗಳನ್ನು ದಡಕ್ಕೆಳೆದು ಬೋರಲು ಹಾಕಿಸಿ ಕಾವಲು ನಿಲ್ಲಿಸಿದ್ದ.

ಆಗ ಬಂದವನು ಹಳೆಯ ಶಿಷ್ಯ ಸೋವಣ್ಣ. ಈಗ ಆತ ಆ ನಾಡಿನ ನ್ಯಾಯಾಧಿಕಾರಿ. ಕೂರು ಎಂದರೆ ಕೂರಲಿಲ್ಲ. ಗುಡಿಸಲ ಮುಂದೆ ಅತ್ತಿಂದಿತ್ತ ತಿರುಗತೊಡಗಿದ.

ಗುರುಗಳು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದರು. “ನೆಲ ಸವೆದುಹೋಗುತ್ತೆ ಮಾರಾಯ. ವಿಷಯ ಹೇಳು.”

“ನಾಳೆ ತೀರ್ಪು ಕೊಡಬೇಕು ಗುರುಗಳೇ. ಅರಸರು ಯುದ್ಧಕ್ಕೆ ಹೊರಟಿದ್ದಾರೆ. ಮನೆಗೊಬ್ಬ ಗಂಡಾಳು ಬೇಕಂತೆ. ಹುಣ್ಣಿಮೆಯೊಳಗೆ ನಾಡಸಭೆ ಕೂತು ಬೇಡ ಅಂದರೆ ದಂಡಿಗೆ ಆಳು ತೆಗೆದುಕೊಳ್ಳೋ ಹಾಗಿಲ್ಲ. ಸಭೆ ಕೂರದೇ ಹೋದರೆ ಅರಸರ ಮಾತೇ ನಡೆಯುತ್ತೆ. ಸಭೆಯ ಚಾವಡಿ ಆಚೆ ದಡದಲ್ಲಿ. ಹಿರಿಯರಲ್ಲಿ ಅರ್ಧಕ್ಕರ್ಧ ಈಚೆ ದಡದವರು.”

“ಅದಕ್ಕೇ ಕಡವು ಮುಚ್ಚಿದ.”

“ಹಾಗಂತ ಹಿರಿಯರು ದೂರು ಕೊಟ್ಟಿದ್ದಾರೆ. ಅರಮನೆಯವರು ಬೇರೆ ಹೇಳ್ತಾರೆ. ಕಡವು ಮುಚ್ಚೋ ಅಧಿಕಾರ ಅರಸರದು, ಕಾರಣ ಕೇಳೋಕೆ ನೀನ್ಯಾರು ಅಂತಾರೆ.”

“ಆ ಅಧಿಕಾರ ಅವನಿಗೆ ಯಾಕೆ ಕೊಟ್ಟಿದ್ದು?”

“ನೆರೆ ಬಂದಾಗ ಜನ ಮುಳುಗಬಾರದು ಅಂತ.”

“ನೀರು ಎಷ್ಟಿದೆ?”

ಸೋವಣ್ಣ ನಿಂತ. “ನೋಡಲಿಲ್ಲ.”

“ನೋಡಿ ಬಾ.”

ಸೋವಣ್ಣ ಹೋದ. ಅಷ್ಟೇ ಬೇಗ ಬಂದ.

“ಕಾವಲಿನ ನಾಯಕ ಆಜ್ಞೆಯ ಓಲೆ ತೋರಿಸಿದ. ಮುದ್ರೆ ಸರಿಯಾಗಿದೆ. ಬರಹದಲ್ಲೂ ತಪ್ಪಿಲ್ಲ.”

“ಓಲೆ ಒದ್ದೆಯಾಗಿತ್ತೋ?”

“ಇಲ್ಲ.”

“ನಾನು ಕೇಳಿದ್ದು ನೀರು. ಹೋಗು.”

ಎರಡನೇ ಸಲ ಬಂದಾಗ ಸೋವಣ್ಣನ ಮುಖ ಇನ್ನಷ್ಟು ಕಳೆಗುಂದಿತ್ತು.

“ಅಂಬಿಗ ಬೊಮ್ಮ ಸಿಕ್ಕಿದ. ಕೈ ಹಿಡಿದುಕೊಂಡುಬಿಟ್ಟ. ಅವನಿಗೆ ಇರೋದೇ ಒಬ್ಬ ಮಗ. ಅರಸರ ಮನಸ್ಸಲ್ಲಿ ಮೋಸ ಇದೆ ಬುದ್ಧಿ ಅಂತಾನೆ. ಇದ್ದರೂ ಇರಬಹುದು. ಆದರೆ ಅರಸರ ಮನಸ್ಸಿನೊಳಗೆ ನಾನು ಹೇಗೆ ಇಳಿಯಲಿ?”

“ಮನಸ್ಸಿಗೆ ಯಾಕಪ್ಪಾ ಇಳೀತೀಯ? ಹೊಳೆಗೆ ಇಳಿ.”

ಸೋವಣ್ಣ ಪಂಚೆ ಎತ್ತಿಕಟ್ಟಿ ಇಳಿದ. ದಡದ ಅಂಚಿನಲ್ಲಿ ಒಂದು ಕಲ್ಲುಬಸವ ನಿಂತಿತ್ತು. ಅಜ್ಜಂದಿರ ಕಾಲದ ಲೆಕ್ಕ: ನೀರು ಬಸವನ ಹೊಟ್ಟೆ ಮುಟ್ಟಿದರೆ ಕಡವು ಮುಚ್ಚಬೇಕು, ಇಳಿದರೆ ತೆರೆಯಬೇಕು.

ಬಸವನ ಹೊಟ್ಟೆಯ ಕೆಳಗೆ, ನೆರಳಲ್ಲಿ, ಒಣ ಮರಳ ಮೇಲೆ ಒಂದು ನಾಯಿ ಮಲಗಿತ್ತು.

“ಹತ್ತು ದಿನದಿಂದ ಅಲ್ಲೇ ಬಿದ್ದಿರುತ್ತೆ ಬುದ್ಧಿ,” ಎಂದ ಹಿಂದೆಯೇ ಬಂದಿದ್ದ ಬೊಮ್ಮ. “ಅರಸರ ಓಲೆ ಓದೋಕೆ ಅದಕ್ಕೆ ಬರಲ್ಲ ನೋಡಿ.”

ಸೋವಣ್ಣ ಗುಡಿಸಲಿಗೆ ಬಂದವನು ಈ ಸಲ ಕೂತ. ಕೂತರೂ ಕಾಲು ಅಲುಗುತ್ತಲೇ ಇತ್ತು.

“ಕಡವು ತೆರೆಸಿದರೆ, ಅರಸರ ಪೀಠದ ಮೇಲೆ ನಾನೇ ಹತ್ತಿ ಕೂತೆ ಅಂತಾರೆ. ಯುದ್ಧ ಸರಿಯೋ ತಪ್ಪೋ ನನಗೆ ಗೊತ್ತಿಲ್ಲ.”

“ಯುದ್ಧದ ಮಾತು ನಿನ್ನನ್ನ ಯಾರು ಕೇಳಿದರು? ಅದು ಸಭೆಯ ತಲೆನೋವು. ನಿನ್ನ ಪಾಲಿಗೆ ಬಂದಿರೋದು ಆ ನಾಯಿ ಮಲಗಿರೋ ಜಾಗ ಅಷ್ಟೆ.”

“ಕೆಲಸ ಹೋಗಬಹುದು.”

“ಹೋಗಬಹುದು,” ಎಂದರು ಗುರುಗಳು. ಹಗ್ಗದ ಇನ್ನೊಂದು ತುದಿಯನ್ನು ಅವನ ಕೈಗೆ ಕೊಟ್ಟರು. “ಹೊಸೆಯೋದು ಮರೆತಿಲ್ಲ ತಾನೆ?”

ಮಾರನೆಯ ದಿನದ ತೀರ್ಪು ಎರಡೇ ಸಾಲು. ‘ನೆರೆ ಇಲ್ಲ. ಆದ್ದರಿಂದ ಕಡವು ಮುಚ್ಚಿಯೇ ಇಲ್ಲ.’

ಅರಮನೆ ಹಲ್ಲು ಕಡಿಯಿತು. ಆದರೆ ಊರೆಲ್ಲ ಹೊಳೆದಂಡೆಯಲ್ಲಿ ನಿಂತು ಬಸವನ ಹೊಟ್ಟೆ ನೋಡುತ್ತಿತ್ತು. ಕಾವಲು ಸರಿಯಿತು. ಬೊಮ್ಮ ಸೋವಣ್ಣನ ಕಾಲು ಮುಟ್ಟಿ, ಹಿರಿಯರನ್ನು ಹರಿಗೋಲಿಗೆ ಹತ್ತಿಸಿಕೊಂಡ.

ಮೂರು ದಿನ ಕಳೆದು ಸೋವಣ್ಣ ಮತ್ತೆ ಬಂದ. ಈ ಸಲ ಓಡಿ ಬಂದಿದ್ದ.

“ಸಭೆ ಕೂತಿತು ಗುರುಗಳೇ. ಎರಡು ದಿನ ಕಿತ್ತಾಡಿತು. ಕೊನೆಗೆ ಯುದ್ಧಕ್ಕೆ ಹೂಂ ಅಂದುಬಿಟ್ಟಿತು!”

“ಎಲ್ಲರೂ?”

“ನಲವತ್ತೆರಡು ಊರಲ್ಲಿ ಇಪ್ಪತ್ತಮೂರು.”

“ಹೂಂ.” ಗುರುಗಳು ಹಗ್ಗ ಹೊಸೆಯುತ್ತಲೇ ಇದ್ದರು.

“ಅರಸರು ನಕ್ಕರಂತೆ. ಸಭೆಯನ್ನ ಮೊದಲೇ ಕೇಳಿದ್ದರೆ ಆಗುತ್ತಿತ್ತು ಅಂದರಂತೆ. ನಾಳೆ ದಂಡು ಇದೇ ಕಡವು ದಾಟುತ್ತೆ. ಬೊಮ್ಮನ ಮಗ ಹರಿಗೋಲಲ್ಲಿ ಕೂರಬೇಕು, ಬೊಮ್ಮನೇ ಹುಟ್ಟು ಹಾಕಬೇಕು.”

“ಬೊಮ್ಮ ಏನಂದ?”

“ಬೆಳಗಿನಿಂದ ನನ್ನ ಬಾಗಿಲಲ್ಲಿ ಕೂತಿದ್ದಾನೆ. ಇವತ್ತು ಕಾಲು ಮುಟ್ಟಲಿಲ್ಲ. ‘ನೆರೆ ಇಲ್ಲ ಅಂತ ಬರೆದು ಕಡವು ತೆರೆದವರು ನೀವೇ ಬುದ್ಧಿ. ನೆರೆ ಬಂದಿದೆ ಅಂತ ಬರೀರಿ. ನಿಮ್ಮ ಮಾತು ಈಗ ಅರಸರೂ ಮೀರೋ ಹಾಗಿಲ್ಲ. ನಾಲ್ಕೇ ದಿನ. ಅಷ್ಟರಲ್ಲಿ ಮಗನನ್ನ ಬೆಟ್ಟದ ಕಡೆ ಸಾಗಹಾಕ್ತೀನಿ’ ಅಂದ.”

“ನೀನೇನಂದೆ?”

“ಓಲೆ ಎತ್ತಿಕೊಂಡು ಇಲ್ಲಿಗೆ ಬಂದೆ.”

ಸೋವಣ್ಣ ಬಗಲಿನಿಂದ ಖಾಲಿ ಓಲೆಯನ್ನೂ ಬರೆಯುವ ಕಂಟವನ್ನೂ ತೆಗೆದು ಮುಂದಿಟ್ಟ.

“ಒಂದು ಸಾಲು ಗುರುಗಳೇ. ಕಣ್ಣಾರೆ ಕಂಡ ಒಬ್ಬನ ಜೀವ ಉಳಿಯುತ್ತೆ. ಊರು ನನ್ನನ್ನ ನಂಬುತ್ತೆ, ಯಾರೂ ಹೊಳೆಗೆ ಹೋಗಿ ನೋಡಲ್ಲ. ಬರೀಲಾ?”

ಹೊಳೆಯ ಕಡೆ ದಂಡಿನವರು ಹರಿಗೋಲುಗಳನ್ನು ನೀರಿಗೆ ದಬ್ಬುವ ಸದ್ದಾಯಿತು. ಕಲ್ಲುಬಸವನ ಹತ್ತಿರ ನಾಯಿ ಬೊಗಳಿತು.

ಗುರುಗಳ ಕೈಯಲ್ಲಿ ಹಗ್ಗ ನಿಂತಿತು.

“ನೀರು ಎಷ್ಟಿದೆ, ಸೋವಣ್ಣ?”