ಕೆರೆದಾರಿಯ ಕಟ್ಟಳೆ

ಒಂದು ಕಾಡಿನಲ್ಲಿ ಕೆರೆಗೆ ಹೋಗಲು ಇದ್ದದ್ದು ಒಂದೇ ದಾರಿ. ಅದೂ ಕಿರಿದು. ಪ್ರಾಣಿಗಳು ದಿನವೂ ಡಿಕ್ಕಿ ಹೊಡೆಯುತ್ತಿದ್ದವು. ಆಮೇಲೆ ತಪ್ಪು ಯಾರದೆಂದು ಜಗಳ. ಪಂಚಾಯಿತಿ ತೀರ್ಪು ಹೇಳುವಷ್ಟರಲ್ಲಿ ಪೆಟ್ಟು ತಿಂದವರು ಹಸಿವಿನಿಂದ ಸೊರಗುತ್ತಿದ್ದರು. ಒಂದು ಜಿಂಕೆ ಹಾಗೆಯೇ ಸತ್ತಿತು.

ಆಗ ಮುದಿ ಆಮೆ ಎಲ್ಲರನ್ನೂ ಕರೆದು ಕಟ್ಟಳೆ ಹೇಳಿತು.

“ಮೊಲಗಳಿಗೆಲ್ಲ ಸೇರಿ ಒಂದು ಪೊಟರೆ. ಹಂದಿಗಳಿಗೆಲ್ಲ ಸೇರಿ ಒಂದು. ಹೀಗೆ ಎಲ್ಲ ಕುಲಕ್ಕೂ. ಪ್ರತಿಯೊಬ್ಬರೂ ಅದರಲ್ಲಿ ಗೆಡ್ಡೆ ಕೂಡಿಡಿ. ದಾರಿಯಲ್ಲಿ ಪೆಟ್ಟು ಬಿದ್ದವರಿಗೆ ಅವರ ಕುಲದ ಪೊಟರೆಯಿಂದ ಅಂದೇ ಊಟ. ತಪ್ಪು ಯಾರದೆಂದು ಕೇಳುವಂತಿಲ್ಲ. ಪಂಚಾಯಿತಿಗೂ ಎಳೆಯುವಂತಿಲ್ಲ.”

ಇಷ್ಟು ಕೇಳಿದ್ದೇ ಕಾಡುಹಂದಿ ಎದ್ದು ಹೊರಟಿತು.

“ಕೂತ್ಕೊಳ್ಳೋ, ಇನ್ನೂ ಮುಗಿದಿಲ್ಲ” ಎಂದಿತು ಆಮೆ.

“ನನಗೆ ಬೇಕಾದ್ದು ಕೇಳಿಯಾಯ್ತು, ಅಜ್ಜ.”

ಮರುದಿನದಿಂದ ಹಂದಿ ತಲೆ ತಗ್ಗಿಸಿ ನುಗ್ಗತೊಡಗಿತು. ಕೆರೆಯ ತಿಳಿನೀರು ಮೊದಲು ತನಗೇ ಸಿಗಬೇಕು. ಒಂದು ಬೆಳಿಗ್ಗೆ ಮೊಲವನ್ನು ಗುದ್ದಿ ಮುಳ್ಳುಪೊದೆಗೆ ಎಸೆಯಿತು. ಮೊಲದ ಮೈಯೆಲ್ಲ ತರಚಿತು. ನಾಲ್ಕು ದಿನ ಮೊಲಗಳ ಪೊಟರೆಯ ಗೆಡ್ಡೆ ತಿಂದು ಅದು ಚೇತರಿಸಿಕೊಂಡಿತು.

“ಹಂದಿಯಣ್ಣ, ಸ್ವಲ್ಪ ನೋಡಿ ಓಡು” ಎಂದಿತು ಮೊಲ.

ಹಂದಿ ನಕ್ಕಿತು. “ಕೂತಲ್ಲೇ ನಾಲ್ಕು ದಿನ ಊಟ ಹಾಕಿಸಿದೆನಲ್ಲೋ! ಕೈ ಮುಗಿ ನನಗೆ.”

ತಿಂಗಳು ಕಳೆಯಲಿಲ್ಲ. ಹಂದಿ ಮತ್ತೆ ನುಗ್ಗಿತು. ಈ ಸಲ ಅದೇ ಮೊಲದ ಹಿಂಗಾಲು ಹಂದಿಯ ಗೊರಸಿನಡಿ ಜಜ್ಜಿಹೋಯಿತು. ಗಾಯ ಮಾಗಿತು. ಕಾಲು ಉಳಿಯಲಿಲ್ಲ.

ಆಮೆ ಪಂಚಾಯಿತಿ ಕರೆಯಿತು.

“ಇದೇನಜ್ಜ ಅನ್ಯಾಯ! ತಪ್ಪು ಕೇಳುವಂತಿಲ್ಲ ಅಂದಿದ್ದೆಯಲ್ಲ?” ಎಂದು ಹಂದಿ ಕೂಗಾಡಿತು.

“ಮಾಗಿ ಹೋಗುವ ಪೆಟ್ಟಿಗೆ ಕೇಳುವಂತಿಲ್ಲ. ಕಣ್ಣು ಹೋದರೆ, ಕಾಲು ಹೋದರೆ, ಜೀವ ಹೋದರೆ ಕೇಳಲೇಬೇಕು. ನೀನು ಅರ್ಧಕ್ಕೇ ಎದ್ದು ಹೋದೆ, ಉಳಿದವರೆಲ್ಲ ಕೂತು ಕೇಳಿದ್ದಾರೆ. ಹೇಳು, ತಪ್ಪು ಯಾರದು?”

ಹಂದಿಯದೇ ಎಂದು ಹೇಳಲು, ನೋಡಿದವರು ಹತ್ತು ಮಂದಿ ಇದ್ದರು.

ತೀರ್ಪಾಯಿತು. ಕೆರೆದಾರಿ ಹಂದಿಗೆ ಮುಚ್ಚಿತು. ಇನ್ನು ಗುಡ್ಡ ಸುತ್ತಿ ಹೋಗಿ, ಕೆರೆಯ ಆಚೆ ಬದಿಯ ಕೆಸರುನೀರು ಕುಡಿಯಬೇಕು. ಮೊಲ ಬದುಕಿರುವವರೆಗೆ ತಾನು ಅಗೆದ ಗೆಡ್ಡೆಯಲ್ಲಿ ಅರ್ಧ ಅದರ ಬಿಲಕ್ಕೆ ಹೊತ್ತು ಹಾಕಬೇಕು.

ಮೊದಲ ದಿನ ಹಂದಿ ಗೆಡ್ಡೆ ತಂದು ಸುರಿಯಿತು. “ತಗೋ, ಹೊಟ್ಟೆ ತುಂಬ ತಿನ್ನು” ಎಂದಿತು.

“ಹೊಟ್ಟೆ ತುಂಬುತ್ತದೆ. ನರಿ ಬಂದರೆ ಓಡಲು ಏನು ತಂದೆ?” ಎಂದು ಕೇಳಿತು ಮೊಲ.



ನೀತಿ: ತಪ್ಪು ಕೇಳದ ಕಟ್ಟಳೆ ಇರುವುದು ಪೆಟ್ಟು ತಿಂದವನ ಹಸಿವಿಗೆ, ಪೆಟ್ಟು ಕೊಡುವವನ ಸೊಕ್ಕಿಗಲ್ಲ.