ಸಾವಿರದ ಒಂಬತ್ತು ಎಲೆ

"ಹೊಸ ಕೆರೆಗೆ ಮಣ್ಣು ತೆಗೆದವರಿಗಷ್ಟೇ ನಾಳೆ ಊಟ. ಎಲ್ಲ ಸಾಲುಗಳೂ ಸರಿಸಮ ಇರಬೇಕು. ಒಂದೇ ಒಂದು ಸಾಲು ಮೋಟಾದರೂ ಅರಮನೆಯಲ್ಲಿ ಪಂಕ್ತಿಭೇದ ಅಂತ ಜನ ಆಡಿಕೊಳ್ಳುತ್ತಾರೆ. ಹಾಗೇನಾದರೂ ಆದರೆ ಕಿಟ್ಟಭಟ್ಟ, ಸೌಟು ಕೆಳಗಿಟ್ಟು ಊರು ಬಿಡು."

ರಾಜ ವೀರಮಲ್ಲ ಹೀಗೆಂದಾಗ ಅರಮನೆಯ ಅಡುಗೆಭಟ್ಟ ನಗುತ್ತಲೇ ತಲೆಯಾಡಿಸಿದ. ಎಲೆ ಹಾಕಿಸುವುದರಲ್ಲೇ ಅವನ ಕೂದಲು ನರೆತಿತ್ತು. ಆದರೆ ಆಸ್ಥಾನದ ಗಣಿತ ಪಂಡಿತ ಗುಂಡಾಚಾರ್ಯರು ಮೀಸೆಯಲ್ಲೇ ನಕ್ಕರು. ಈ ಷರತ್ತನ್ನು ರಾಜನ ಕಿವಿಗೆ ಊದಿದವರೇ ಅವರು. ಹಿಂದೊಮ್ಮೆ ಆರನೇ ಹೋಳಿಗೆ ಕೇಳಿದಾಗ ಭಟ್ಟ "ಮುಗೀತು" ಅಂದಿದ್ದ. ಹೊಟ್ಟೆಯ ಸಿಟ್ಟು ಬೇಗ ಆರುವುದಿಲ್ಲ.

ಆಚಾರ್ಯರು ಎಣಿಸಿಕೊಟ್ಟಂತೆ ಉಣ್ಣುವವರು ಸಾವಿರದ ಒಂಬತ್ತು ಮಂದಿ. ಭಟ್ಟ ಹುಣಸೆ ಬೀಜ ಹರಡಿಕೊಂಡು ಕೂತ. ಏಳು ಸಾಲು ಮಾಡಿದರೆ ಒಬ್ಬ ಉಳಿದ. ಐದು ಮಾಡಿದರೆ ನಾಲ್ವರು, ಹನ್ನೊಂದು ಮಾಡಿದರೆ ಎಂಟು ಮಂದಿ.

"ತಲೆಕೆಳಗಾಗಿ ನಿಂತರೂ ಅಷ್ಟೇ ಭಟ್ಟರೇ," ಎಂದರು ಆಚಾರ್ಯರು. "ಅದು ಅವಿಭಾಜ್ಯ ಸಂಖ್ಯೆ. ಒಂದರಿಂದ ಭಾಗವಾಗುತ್ತೆ, ಇಲ್ಲವೇ ತನ್ನಿಂದಲೇ. ಬೇರೆ ಯಾವುದಕ್ಕೂ ಬಗ್ಗಲ್ಲ. ಗಂಟುಮೂಟೆ ಕಟ್ಟಿಕೊಳ್ಳಿ."

ಭಟ್ಟ ಎದ್ದುಬಿದ್ದು ಆಸ್ಥಾನದ ಜಾಣ ಮಾಚಣ್ಣನ ಮನೆಗೆ ಓಡಿದ.

"ಒಂದೇ ಸಾಲು ಹಾಕಿಬಿಡಿ," ಎಂದ ಮಾಚಣ್ಣ.

"ಆ ಸಾಲು ಕೋಟೆ ದಾಟುತ್ತೆ ಕಣಯ್ಯ. ಪಾಯಸ ಆ ತುದಿ ಮುಟ್ಟೋ ಹೊತ್ತಿಗೆ ಈ ತುದಿಯವನಿಗೆ ಮತ್ತೆ ಹಸಿವಾಗಿರುತ್ತೆ."

"ಹಾಗಾದರೆ ಹತ್ತು ಸಾಲು, ಸಾಲಿಗೆ ನೂರೊಂದು ಎಲೆ."

"ಒಂದೆಲೆ ಹೆಚ್ಚಾಗುತ್ತಲ್ಲ?"

"ಆಗಲಿ. ಅದರ ಹೊಣೆ ನನಗಿರಲಿ."

ಮರುದಿನ ಪಂಕ್ತಿ ಕೂತಿತು. ಹತ್ತನೇ ಸಾಲಿನ ಕೊನೆಯ ಎಲೆ ಮಾತ್ರ ಖಾಲಿ. "ನೋಡಿ ಪ್ರಭು, ಈ ಸಾಲಿಗೆ ಒಬ್ಬ ಕಡಿಮೆ," ಎಂದರು ಆಚಾರ್ಯರು. ರಾಜನ ಹುಬ್ಬು ಗಂಟಿಕ್ಕಿತು. ಭಟ್ಟ ಮಾಚಣ್ಣನ ಕಡೆ ತಿರುಗಿದ, ಪಾಪ.

ಮಾಚಣ್ಣ ಕೈಮುಗಿದ. "ಪ್ರಭು, ಕೆರೆಗೆ ಗುದ್ದಲಿ ಪೂಜೆಯಾದ ದಿನ ಮೊದಲ ಮಣ್ಣು ತೆಗೆದವರು ಯಾರು?"

"ನಾವೇ. ಊರೆಲ್ಲ ನೋಡಿದೆಯಲ್ಲ."

"ಆಚಾರ್ಯರು ಎಣಿಸುವಾಗ ತಮ್ಮನ್ನೇ ಬಿಟ್ಟಿದ್ದಾರೆ. ಆ ಎಲೆ ತಮ್ಮದು."

"ನಾವು ಕೂಲಿಯವರ ಸಾಲಿನಲ್ಲಿ ಕೂರುವುದೇ?"

"ಬೇಡವಾದರೆ ಬೇಡ ಪ್ರಭು. ರಾಜರು ಆ ಕೆರೆಯ ಮಣ್ಣು ಮುಟ್ಟಿಯೇ ಇಲ್ಲ ಅಂತ ಈಗಲೇ ಡಂಗುರ ಹೊಡೆಸುತ್ತೇನೆ."

ರಾಜ ಒಂದು ಗಳಿಗೆ ಅವನನ್ನೇ ದುರುಗುಟ್ಟಿ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಪಾದರಕ್ಷೆ ಬಿಟ್ಟು ಬಂದು ಮಣ್ಣು ಹೊತ್ತ ಮುದುಕನೊಬ್ಬನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ. "ಕಿಟ್ಟಭಟ್ಟ, ನೀನಿರುವ ತನಕ ಈ ಅಡುಗೆಮನೆ ನಿನ್ನದೇ. ಬಡಿಸು," ಎಂದ. ಭಟ್ಟನಿಗೆ ಹೋದ ಜೀವ ಬಂದಂತಾಯಿತು.

ಬಿಸಿ ಅನ್ನದ ಮೇಲೆ ತುಪ್ಪ ಬಿದ್ದಾಗ ಆಚಾರ್ಯರಿಗೂ ತಡೆಯಲಾಗಲಿಲ್ಲ. "ನನಗೂ ಒಂದೆಲೆ..." ಎಂದರು ಮೆಲ್ಲಗೆ.

"ನೀವು ಕೂತರೆ ಸಾಲು ಕೆಡುತ್ತೆ ಆಚಾರ್ಯರೇ," ಎಂದು ಮಾಚಣ್ಣ ಅವರ ಕೈಗೆ ಸಾರಿನ ಸೌಟು ಕೊಟ್ಟ. "ಬಡಿಸೋರು ಎಷ್ಟು ಜನ ಇದ್ದರೂ ನಡೆಯುತ್ತೆ."