ರಾಣಿ ಹೊಳೆ ದಾಟಿದ ದಿನ

"ಗುರುಗಳೇ, ಒಳ್ಳೆಯ ಕತೆಯೊಂದು ನಮ್ಮಲ್ಲಿ ಮಾತ್ರ ಸಿಗುವಂತೆ ಮಾಡಿದರೆ, ಜನ ನಮ್ಮನ್ನು ಬಿಟ್ಟು ಎಲ್ಲಿಗೆ ಹೋದಾರು?" ಎಂದು ಮೃತ್ಯುಂಜಯ ಕೇಳಿದ.

ಅವನು ಗುರುಗಳ ಹಳೆಯ ಶಿಷ್ಯ. ಈಗ ಜನರ ಮೊಬೈಲಿಗೂ ಟಿವಿಗೂ ಸಿನಿಮಾ, ಧಾರಾವಾಹಿ ತಲುಪಿಸುವ ಚಿಕ್ಕದೊಂದು ಒಟಿಟಿ ಕಂಪನಿ ನಡೆಸುತ್ತಿದ್ದ. ತನ್ನಲ್ಲಿದ್ದುದನ್ನೆಲ್ಲ ಹಾಕಿ ಒಂದು ಧಾರಾವಾಹಿಯನ್ನು ಬೇರೆ ಯಾರಿಗೂ ದಕ್ಕದ ಹಾಗೆ ಕೊಳ್ಳಲು ಹೊರಟಿದ್ದ.

ಗುರುಗಳು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ವರ್ತಕನಿದ್ದ. ಅವನದೊಂದು ದೊಡ್ಡ ಅಂಗಳವಿತ್ತು. ಜನ ಕಾಸು ಕೊಟ್ಟು ಬಂದು ಅಲ್ಲಿ ಹಾಡು ಕೇಳುತ್ತಿದ್ದರು, ಆಟ ನೋಡುತ್ತಿದ್ದರು. ಒಮ್ಮೆ ಸಾತವ್ವ ಎಂಬ ಹೆಂಗಸು ಬಂದು ಅಲ್ಲಿ ಕತೆ ಹೇಳಿದಳು. ರಾಜ್ಯ ಕಳೆದುಕೊಂಡ ರಾಣಿಯೊಬ್ಬಳು ಹನ್ನೆರಡು ಹೊಳೆ ದಾಟಿ ತನ್ನ ಜನರ ಬಳಿಗೆ ಮರಳುವ ಕತೆ. ಜನ ಅಲುಗಾಡದೆ ಕೇಳಿದರು. ವರ್ತಕ ಅವಳಿಗೆ ಮನೆ ಕೊಟ್ಟ, ಹಸು ಕೊಟ್ಟ, ಈ ಕತೆಯನ್ನು ಬೇರೆಲ್ಲೂ ಹೇಳಕೂಡದು ಎಂದು ಮಾತು ತೆಗೆದುಕೊಂಡ. ಆ ವರ್ಷ ಅಂಗಳ ಸಾಲದೆ ಹಿಂದಿನ ಗೋಡೆ ಒಡೆಸಬೇಕಾಯಿತು.

ಇದನ್ನು ಕಂಡ ಜವಳಿ ವರ್ತಕ ಸುಮ್ಮನಿರಲಿಲ್ಲ. ಅವನೂ ಅಂಗಳ ಕಟ್ಟಿಸಿ, ಒಬ್ಬ ಗಾಯಕನನ್ನು ಇದೇ ಕರಾರಿನ ಮೇಲೆ ಇಟ್ಟುಕೊಂಡ. ಎಣ್ಣೆ ವರ್ತಕ ಊರು ನಗಿಸುವ ಹಾಸ್ಯಗಾರನನ್ನು ತಂದ.

ಅದೇ ಪೇಟೆಯ ನೇಕಾರನೊಬ್ಬನ ಮನೆಯಲ್ಲಿ ಅಪ್ಪನಿಗೆ ಹಾಸ್ಯ ಬೇಕು, ಅವ್ವನಿಗೆ ಕತೆ ಬೇಕು, ಮಗಳಿಗೆ ಹಾಡು ಬೇಕು. ಮೊದಮೊದಲು ಮೂರು ಬಾಗಿಲಲ್ಲೂ ಕಾಸು ಕೊಟ್ಟರು. ಆಮೇಲೆ ತಿಂಗಳಿಗೊಂದು ಬಾಗಿಲು ಎಂದರು. ಕಡೆಗೆ, ಯಾವುದೂ ಬೇಡ ಎಂದು ಜಗಲಿಯ ಮೇಲೆ ಕೂತರು. ಊರೆಲ್ಲ ಹೀಗೇ ಆಯಿತು.

ಗಾಡಿ ನಿಲ್ಲುವ ಕಟ್ಟೆಯಲ್ಲಿ ಯಾರೋ ಒಬ್ಬ ಸಾತವ್ವನ ಕತೆಯನ್ನು ಕದ್ದು ಹೇಳತೊಡಗಿದ. ಒಂದು ಹಿಡಿ ಮಂಡಕ್ಕಿ ಕೊಟ್ಟರೆ ಸಾಕು. ಅವನಿಗೆ ಕತೆ ಪೂರ್ತಿ ಗೊತ್ತಿರಲಿಲ್ಲ, ಏಳನೆಯ ಹೊಳೆಯಲ್ಲಿ ರಾಣಿಯನ್ನು ಮುಳುಗಿಸಿಬಿಟ್ಟ. ಕತೆಯ ಕೊನೆ ಕೇಳದೆ ಅಂಗಳ ಬಿಟ್ಟಿದ್ದ ನೇಕಾರನ ಹೆಂಡತಿ ಅದನ್ನು ಕೇಳಿ ಸಾತವ್ವನ ಮನೆಗೇ ಬಂದು, ರಾಣಿ ಸತ್ತದ್ದು ನಿಜವೇ ಎಂದು ಕೇಳಿದಳು. ಅಂದು ಸಾತವ್ವ ಊಟ ಮಾಡಲಿಲ್ಲ.

ವರ್ತಕನ ಅಂಗಳದಲ್ಲಿ ಈಗ ಹನ್ನೊಂದು ಜನ ಕೂರುತ್ತಿದ್ದರು. ಅವನು ಗೋಡೆಯನ್ನು ಎತ್ತರಿಸಿದ, ಬಾಗಿಲಿಗೆ ಇನ್ನಿಬ್ಬರು ಕಾವಲಿನವರನ್ನು ಇಟ್ಟ. ಹನ್ನೊಂದು ಒಂಬತ್ತಾಯಿತು. ಅವನಿಗೆ ನಿಜವಾಗಿ ಭಯವಾಯಿತು. ಸಾತವ್ವನ ಬಳಿಗೆ ಹೋಗಿ ಹೊಸದೊಂದು ಕತೆ ಕಟ್ಟಿಕೊಡಬೇಕೆಂದು ಬೇಡಿದ.

"ಹೊಸ ಕತೆ ಬೇಕಿಲ್ಲ, ಧಣಿ. ಇದೇ ಕತೆಗೆ ಹೊಸ ಕಿವಿ ಬೇಕು" ಎಂದಳು ಸಾತವ್ವ.

ವರ್ತಕ ಎರಡು ದಿನ ಈ ಮಾತನ್ನೇ ಯೋಚಿಸಿದ. ಮೂರನೆಯ ದಿನ ಜವಳಿ ವರ್ತಕನ ಮನೆಯ ಮೆಟ್ಟಿಲು ಹತ್ತಿದ. ಇಬ್ಬರೂ ಮುಖ ನೋಡಿ ನಾಲ್ಕು ವರ್ಷವಾಗಿತ್ತು. ಸಾತವ್ವ ನಿನ್ನ ಅಂಗಳದಲ್ಲೂ ಹೇಳಲಿ, ನಿನ್ನ ಗಾಯಕ ನನ್ನಲ್ಲೂ ಹಾಡಲಿ ಎಂದ. ಜವಳಿಯವನು ಇದರಲ್ಲೇನೋ ಹೂಟವಿದೆ ಎಂದು ಬಗೆದ. ಆದರೆ ಅವನ ಅಂಗಳದಲ್ಲೂ ನೊಣ ಹಾರುತ್ತಿತ್ತು, ಒಪ್ಪಿದ. ಎಣ್ಣೆಯವನೂ ಬಂದ. ಒಂದೇ ಬಿಲ್ಲೆ ಕೊಂಡವರಿಗೆ ಮೂರೂ ಬಾಗಿಲು ತೆರೆಯಬೇಕು ಎಂದಾಯಿತು. ಮೊದಲ ಮೂರು ಹೊಳೆಗಳ ಕತೆಯನ್ನು ಸಾತವ್ವ ಗಾಡಿಕಟ್ಟೆಯಲ್ಲೇ ನಿಂತು ಪುಕ್ಕಟೆಯಾಗಿ ಹೇಳಿದಳು. ಕದ್ದು ಹೇಳುತ್ತಿದ್ದವನೂ ಮುಂದೆ ಬಂದು ಕೂತು ಕೇಳಿದ. ಮಿಕ್ಕ ಹೊಳೆಗಳ ಕತೆ ಮೂರು ಅಂಗಳಗಳಲ್ಲೂ ನಡೆಯಿತು. ಹನ್ನೆರಡನೆಯ ಹೊಳೆಯನ್ನು ಮಾತ್ರ, ಈ ಕತೆ ಮೊಟ್ಟಮೊದಲು ಹೇಳಿದ ಧಣಿಯ ಅಂಗಳದಲ್ಲೇ ದಾಟಿಸುತ್ತೇನೆ ಎಂದು ಸಾತವ್ವ ಹಟ ಹಿಡಿದಳು.

ಆ ದಿನ ಸುತ್ತಲಿನ ಹಳ್ಳಿಗಳೂ ಬಂದವು. ಅಂಗಳ ತುಂಬಿತು, ಬೀದಿ ತುಂಬಿತು, ಜನ ಮಾಳಿಗೆ ಹತ್ತಿದರು. ಜವಳಿಯವನೂ ಎಣ್ಣೆಯವನೂ ಹೆಂಡಿರು ಮಕ್ಕಳೊಡನೆ ನೆಲದ ಮೇಲೆ ಕೂತಿದ್ದರು. ವರ್ತಕನಿಗೆ ತನ್ನದೇ ಅಂಗಳದಲ್ಲಿ ಕಾಲೂರಲು ಎಡೆ ಸಿಗಲಿಲ್ಲ. ಅವನು ಬೀದಿಯಲ್ಲಿ ಒಂದು ಗಾಡಿಯ ಮೂಕಿಯ ಮೇಲೆ ನಿಂತು ಕೇಳಿದ. ರಾಣಿ ದಡಕ್ಕೆ ಕಾಲಿಟ್ಟಾಗ ಒಳಗೂ ಹೊರಗೂ ಒಟ್ಟಿಗೆ ಎದ್ದ ಕೂಗಿನಲ್ಲಿ ಅವನ ಕೂಗೂ ಇತ್ತು. ನೇಕಾರನ ಹೆಂಡತಿ ಅಳುತ್ತ ನಗುತ್ತಿದ್ದಳು. ಅಷ್ಟು ಸಂತೋಷವನ್ನು ವರ್ತಕ ತನ್ನ ಲಾಭದ ವರ್ಷಗಳಲ್ಲೂ ಕಂಡಿರಲಿಲ್ಲ.

ಕತೆ ಮುಗಿಯಿತು. ಮೃತ್ಯುಂಜಯನಿಗೆ ಇನ್ನೂ ಒಂದು ಅನುಮಾನ ಉಳಿದಿತ್ತು.

"ಗಾಯಕ ಎಲ್ಲರಿಗೂ ಸೇರಿದ, ಕತೆಯೂ ಎಲ್ಲರಿಗೂ ಸೇರಿತು. ಇನ್ನು ಆ ವರ್ತಕನದೇ ಅಂತ ಉಳಿದದ್ದೇನು, ಗುರುಗಳೇ?"

"ಬೀದಿಯ ತುಂಬ ನಿಂತಿದ್ದರಲ್ಲ, ಅವರು" ಎಂದರು ಗುರುಗಳು.